ಉಚ್ಛಿಷ್ಟಧೂಮ ಮೀಮಾಂಸೆ

ಡೀಸೆಲ್ ಕಾರಿನ ಉದರದಲ್ಲಿ ಉರಿದು ಹೊರಬಿದ್ದ ಹೊಗೆಯ ಒಂದಂಶವನ್ನು ಮರಳಿ ಅದೇ ಉದರಕ್ಕೆ ಉಣಿಸತಕ್ಕದ್ದೆಂಬ ವಿಧಿಯು ವಾಹನಶಾಸ್ತ್ರದಲ್ಲಿ ಇಜಿಆರ್ ಎಂಬ ಬೀಜಾಕ್ಷರಗಳಿಂದ ವ್ಯವಹೃತವಾಗುತ್ತಿದ್ದು, ಈ ವಿಧಿಯನ್ನು ಉಲ್ಲಂಘಿಸಿ ಆ ಕವಾಟವನ್ನು ಶಾಶ್ವತವಾಗಿ ಮುಚ್ಚಿಬಿಡುವ ಕರ್ಮವೂ, ಆ ಕರ್ಮದ ಫಲವಾಗಿ ಚಾಲಕನ ಕಣ್ಣೆದುರಿನ ಫಲಕದಲ್ಲಿ ಉದಯಿಸುವ ಹಳದಿ ದೀಪವೂ, ಆ ದೀಪವನ್ನು ನಂದಿಸಲು ಕೈಗೊಳ್ಳುವ ನಾನಾವಿಧ ಉಪಾಯಗಳೂ ಇದುವರೆಗೆ ಗ್ಯಾರೇಜುಗಳ ಮೌಖಿಕ ಪರಂಪರೆಯಲ್ಲಿಯೇ ಉಳಿದು ಯಾವ ಭಾಷ್ಯಕಾರನ ಕೃಪಾದೃಷ್ಟಿಗೂ ಪಾತ್ರವಾಗದೆ ಹೋದದ್ದು ವಿಷಾದನೀಯವೇ ಸರಿ. ಈ ನ್ಯೂನತೆಯನ್ನು ನೀಗಿಸಲು ಪ್ರಕೃತ ಲೇಖಕನು ಟೊಂಕಕಟ್ಟಿದ್ದಾನೆ.

ಮೊದಲು ವಿಧಿಯ ಪ್ರಯೋಜನ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೂ 21 ಪಾಲು ಆಮ್ಲಜನಕವೂ ಇದ್ದು, ಇವೆರಡೂ ಯುಗಯುಗಾಂತರಗಳಿಂದ ಒಂದೇ ಮನೆಯಲ್ಲಿ ವಾಸಿಸಿಯೂ ಪರಸ್ಪರ ಮಾತನಾಡದಷ್ಟು ವಿರಕ್ತವಾಗಿವೆ. ಆದರೆ ಇಂಜಿನಿನ ಸಿಲಿಂಡರಿನೊಳಗೆ ಉಷ್ಣತೆಯು ಸುಮಾರು 1,500 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತೆಂದರೆ ಈ ವೈರಾಗ್ಯವು ಭಂಗಗೊಂಡು, ನೈಟ್ರೋಜನ್ ಆಕ್ಸೈಡುಗಳೆಂಬ ದುಷ್ಟಸಂತಾನ ಜನಿಸುವುದು. ಈ ಸಂಗಮದ ಕ್ರಮವನ್ನು ರಷ್ಯದ ಜೆಲ್ಡೋವಿಚ್ ಎಂಬ ಭೌತವಿಜ್ಞಾನಿ 1940ರ ದಶಕದಲ್ಲಿಯೇ ನಿರೂಪಿಸಿದ್ದನು. ಆ ಸಂತಾನವು ಬಿಸಿಲಿನೊಡನೆ ಕೂಡಿ ಲಾಸ್ ಏಂಜಲೀಸ್ ನಗರದ ಆಕಾಶವನ್ನು ಕಂದುಗಟ್ಟಿಸುತ್ತಿದೆಯೆಂಬುದನ್ನು ಹಾಗೆನ್-ಸ್ಮಿಟ್ ಎಂಬ ರಸಾಯನಜ್ಞನು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟನು. 1970ರ ದಶಕದ ಆದಿಯಲ್ಲಿ ಅಮೆರಿಕದ ಪೆಟ್ರೋಲ್ ಕಾರುಗಳಿಗೆ ಮೊದಲು ಉಚ್ಛಿಷ್ಟಭೋಜನವು ವಿಧಿಸಲ್ಪಟ್ಟು, ತರುವಾಯ ಡೀಸೆಲ್ಲಿಗೂ ಅದು ಅನ್ವಯಿಸಿತು. ಒಮ್ಮೆ ಉರಿದ ಹೊಗೆಯಲ್ಲಿ ಆಮ್ಲಜನಕ ವಿರಳ. ಇಂಗಾಲದ ಡೈಆಕ್ಸೈಡೂ ನೀರಾವಿಯೂ ವಿಪುಲ. ಆದಕಾರಣ ಅದು ಬೆರೆತ ಆಹಾರವನ್ನುಂಡ ಅಗ್ನಿಯು ಮಂದಕೋಪಿಯಾಗಿ, ಆ ವಿರಕ್ತರ ತಪೋಭಂಗಕ್ಕೆ ಬೇಕಾದ ಉಗ್ರತೆಯನ್ನು ಮುಟ್ಟಲಾರದು.

ಇನ್ನು ಪೂರ್ವಪಕ್ಷ. ಮಡಿವಂತನಾದ ಮಾಲೀಕನು ಆಕ್ಷೇಪಿಸುವುದೇನೆಂದರೆ: ಎಂಜಲುಣ್ಣುವ ಯಂತ್ರಕ್ಕೆ ಆರೋಗ್ಯವೆಲ್ಲಿಯದು? ಈ ಆಕ್ಷೇಪವನ್ನು ಬರಿಯ ಆಚಾರಭ್ರಾಂತಿಯೆಂದು ತಳ್ಳಿಹಾಕಲು ಬಾರದು. ಹೊಗೆಯೊಡನೆ ಮರಳಿ ಬರುವ ಮಸಿಯು, ಇಂಜಿನಿನ ತಳಭಾಗದಿಂದ ಮೇಲೇರುವ ಆಯಿಲಿನ ಆವಿಯೊಡನೆ ಸಂಧಿಸಿ, ಗಾಳಿ ಒಳಹೋಗುವ ಮ್ಯಾನಿಫೋಲ್ಡಿನ ಭಿತ್ತಿಗಳಲ್ಲಿ ಡಾಂಬರಿನಂತಹ ಒಂದು ಪದಾರ್ಥವಾಗಿ ಶೇಖರಗೊಳ್ಳುವುದು ಪ್ರತ್ಯಕ್ಷಸಿದ್ಧ. ಅದನ್ನು ಸ್ಕ್ರೂಡ್ರೈವರಿನ ತುದಿಯಿಂದ ಕೆರೆದು ಮಾಲೀಕನ ಮೂಗಿನ ಬಳಿ ಹಿಡಿಯುವ ಮೆಕ್ಯಾನಿಕನ ವಾಗ್ಮಿತೆಗೆ ಅನ್ಯ ಪ್ರಮಾಣವೇ ಬೇಕಾಗುವುದಿಲ್ಲ. "ನೋಡಿ ಸಾರ್, ಇದನ್ನ ತಿಂದ್ಕೊಂಡು ಗಾಡಿ ಎಲ್ಲಿ ಓಡುತ್ತೆ? ಇಜಿಆರ್ ಬ್ಲಾಕ್ ಮಾಡ್ಬಿಡೋಣ, ಪಿಕಪ್ ಹೆಂಗ್ ಬರುತ್ತೆ ನೋಡಿ" ಎಂಬ ಮಹಾವಾಕ್ಯವು ಉಚ್ಚರಿಸಲ್ಪಟ್ಟೊಡನೆ ಶಿಷ್ಯನ ಸಂಶಯಗಳು ಛಿನ್ನವಾಗುತ್ತವೆ.

ಪಿಕಪ್ಪಿನ ವಿಷಯದಲ್ಲಿ ಮಾತ್ರ ಪರಂಪರೆಯು ಒಂದು ಸತ್ಯವನ್ನು ಗುಪ್ತವಾಗಿರಿಸಿದೆ. ಶಿರಾಡಿ ಘಾಟಿಯನ್ನು ಏರುವಾಗ ಚಾಲಕನು ಆಕ್ಸಿಲರೇಟರನ್ನು ಪೂರ್ತಿ ತುಳಿದನೆಂದರೆ, ಆ ಕ್ಷಣದಲ್ಲಿ ಶುದ್ಧ ವಾಯುವೆಲ್ಲವೂ ಇಂಧನಕ್ಕೇ ಬೇಕೆಂಬುದನ್ನರಿತ ಕವಾಟವು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮಂದಗಮನದಲ್ಲಿ, ಊರೊಳಗಿನ ಸಾಗಾಟದಲ್ಲಿ ಮಾತ್ರವೇ ಅದು ತೆರೆದಿರುವುದು. ಆದುದರಿಂದ ಇಂಜಿನಿನ ಪರಮಶಕ್ತಿಯು ಮುಚ್ಚಿಸುವುದಕ್ಕೆ ಮುಂಚೆ ಎಷ್ಟಿತ್ತೋ ಮುಚ್ಚಿಸಿದ ಮೇಲೂ ಅಷ್ಟೇ. ಹೆಚ್ಚುವುದು ಕೆಳವೇಗದಲ್ಲಿ ಕಿಂಚಿತ್ ಚುರುಕು, ಟಕಟಕ ಸದ್ದು, ಮತ್ತು ಹಣ ತೆತ್ತವನ ಶ್ರದ್ಧೆ.

ಮುಚ್ಚುವ ಮತಗಳಲ್ಲಿ ಪ್ರಾಚೀನತಮವಾದದ್ದು ತಗಡುವಾದ. ಕವಾಟಕ್ಕೂ ಕೊಳವೆಗೂ ನಡುವೆ ಒಂದು ಉಕ್ಕಿನ ತಗಡನ್ನು ಕತ್ತರಿಸಿ ಸೇರಿಸಿ ಬೋಲ್ಟು ಬಿಗಿಯುವುದಷ್ಟೇ ಇದರ ಕರ್ಮಕಾಂಡ. ಕವಾಟವು ಒಳಗೊಳಗೇ ತೆರೆಯುತ್ತ ಮುಚ್ಚುತ್ತ ತನ್ನ ಧರ್ಮವನ್ನು ಆಚರಿಸುತ್ತಿರುತ್ತದಾದ್ದರಿಂದ ಯಾರಿಗೂ ಸಂದೇಹ ಬಾರದೆಂದು ಈ ಮತದವರು ಭಾವಿಸಿದರು. ಇವರು ಇಸಿಯು ಎಂಬ ಗಣಕವನ್ನು ಬರಿಯ ನೈಯಾಯಿಕನೆಂದೂ, ಹೊಗೆಯನ್ನು ಕಂಡರಷ್ಟೇ ಬೆಂಕಿಯನ್ನು ಊಹಿಸುವಷ್ಟು ಮಾತ್ರ ಅದರ ಪಾಂಡಿತ್ಯವೆಂದೂ ಬಗೆದಂತೆ ತೋರುತ್ತದೆ. ವಸ್ತುತಃ ಅದು ಘನ ಮೀಮಾಂಸಕ. ಹಗಲು ಉಣ್ಣದ ದೇವದತ್ತನು ದಪ್ಪಗಿರುವನಾದರೆ ರಾತ್ರಿ ಉಣ್ಣುತ್ತಿರಲೇಬೇಕೆಂಬ ಅರ್ಥಾಪತ್ತಿಯನ್ನು ಬಲ್ಲ ಓದುಗರಿಗೆ ಇದರ ವಾದಸರಣಿ ಸುಲಭವೇದ್ಯ: ಬಾಗಿಲಲ್ಲಿ ಕುಳಿತ ಎಂಎಎಫ್ ಸೆನ್ಸರು ಒಳಬರುವ ಹೊಸ ಗಾಳಿಯನ್ನು ತೂಗುತ್ತದೆ, ಕವಾಟ ತೆರೆದಾಗ ಒಳಗಿನ ಜಾಗವನ್ನು ಹೊಗೆ ಆಕ್ರಮಿಸುವುದರಿಂದ ಹೊಸ ಗಾಳಿಯು ಅಷ್ಟು ಕಡಿಮೆಯಾಗಬೇಕು, ಕವಾಟ ತೆರೆದಿದ್ದರೂ ದೇವದತ್ತನು ಹಗಲೂಟವನ್ನು ಒಂದು ತುತ್ತೂ ಬಿಡದೆ ಉಂಡನೆಂದರೆ, ರಾತ್ರಿಯ ಊಟವು ಅವನಿಗೆ ದೊರೆಯಲಿಲ್ಲವೆಂದೇ ಅರ್ಥ. ಹೀಗೆ ಹೊಗೆಯನ್ನು ಕಾಣದೆಯೇ ಹೊಗೆಯ ಅಭಾವವನ್ನು ಸಾಧಿಸಿದ ಗಣಕವು ಪಿ0401 ಎಂಬ ಸೂತ್ರವನ್ನು ತನ್ನ ಸ್ಮೃತಿಯಲ್ಲಿ ಬರೆದಿಡುತ್ತದೆ. ಹೊಗೆಯ ಹರಿವು ಸಾಲದು ಎಂಬುದು ಅದರ ತಾತ್ಪರ್ಯ.

ದೀಪವು ಕೂಡಲೇ ಹೊತ್ತುವುದಿಲ್ಲ. ದಂಡನೀತಿಯಲ್ಲಿ ಗಣಕವು ನಮ್ಮ ಸ್ಮೃತಿಕಾರರಿಗಿಂತ ದಯಾಳು. ಬಹುತೇಕ ವಾಹನಗಳಲ್ಲಿ ಮೊದಲ ಯಾತ್ರೆಯ ಅಪರಾಧವನ್ನು ಮನಸ್ಸಿನಲ್ಲಿಟ್ಟುಕೊಂಡು, ಮರುಯಾತ್ರೆಯಲ್ಲಿಯೂ ಅದೇ ಕಂಡುಬಂದರೆ ಮಾತ್ರ ಹಳದಿ ದೀಪವನ್ನು ಬೆಳಗಿಸುವುದು; ತರುವಾಯ ಸತತ ಮೂರು ಯಾತ್ರೆಗಳು ನಿರ್ದೋಷವಾಗಿ ನಡೆದರೆ ತಾನೇ ನಂದಿಸುವುದು; ಆದರೆ ದೋಷದ ಲಿಖಿತವನ್ನು ಇಂಜಿನು ನಲವತ್ತು ಬಾರಿ ತಣಿದು ಬಿಸಿಯಾಗುವವರೆಗೂ ಅಳಿಸದಿರುವುದು. ತಗಡು ಇರುವ ತನಕ ನಿರ್ದೋಷ ಯಾತ್ರೆಯೇ ಅಸಂಭವವಾದ್ದರಿಂದ ದೀಪವು ನಂದಾದೀಪವಾಗುತ್ತದೆ.

ಇಲ್ಲಿಂದಾಚೆಗೆ ಶಾಸ್ತ್ರವು ವಿಷಯಾಂತರ ಹೊಂದಿತು. ಇಂಜಿನಿನ ಚಿಕಿತ್ಸೆಗೆಂದು ಹೊರಟ ವಿದ್ವಾಂಸರೆಲ್ಲರೂ ದೀಪದ ಚಿಕಿತ್ಸೆಯಲ್ಲಿ ತೊಡಗಿದರು. ರಂಧ್ರವಾದಿಗಳು ತಗಡಿನ ನಡುವೆ ಒಂದು ಸಣ್ಣ ತೂತನ್ನು ಕೊರೆದು, ಗಣಕಕ್ಕೆ ನಂಬಿಕೆ ಬರುವಷ್ಟು ಎಂಜಲನ್ನು ಒಳಬಿಡುವ ವಿಶಿಷ್ಟಾದ್ವೈತವನ್ನು ಪ್ರತಿಪಾದಿಸಿದರು. ಕವಾಟದ ಪ್ಲಗ್ಗನ್ನೇ ಕಿತ್ತ ತಂತಿವಾದಿಗಳಿಗೆ ಪಿ0403 ಎಂಬ ಇನ್ನೊಂದು ಸೂತ್ರ ದೊರೆತದ್ದೇ ಲಾಭ. ಇವರೆಲ್ಲರನ್ನೂ ಅವೈದಿಕರೆಂದು ಜರೆದ ಲೇಖವಾದಿಗಳು, ಲ್ಯಾಪ್‌ಟಾಪನ್ನು ಜೋಡಿಸಿ ಗಣಕದ ಸ್ಮೃತಿಯಿಂದ ಇಜಿಆರ್ ಎಂಬ ಅಧ್ಯಾಯವನ್ನೇ ತೆಗೆದುಹಾಕಿದರು; ರೀಮ್ಯಾಪ್ ಎಂದು ಇದಕ್ಕೆ ಹೆಸರು. ಈ ಮತಕ್ಕೆ ಪ್ರತಿಷ್ಠಿತ ಪೂರ್ವಾಚಾರ್ಯರೂ ಉಂಟು: ಪರೀಕ್ಷೆಯ ಕಾಲದಲ್ಲಿ ಮಾತ್ರ ಸದಾಚಾರಿಯಾಗಿ, ರಸ್ತೆಯಲ್ಲಿ ಯಥೇಚ್ಛಾಚಾರಿಯಾಗಿರುವ ಲೇಖವನ್ನು ಫೋಕ್ಸ್‌ವ್ಯಾಗನ್ ಸಂಸ್ಥೆಯು ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿ ಅಳವಡಿಸಿದ್ದುದು 2015ರಲ್ಲಿ ಲೋಕವಿದಿತವಾಯಿತು. ಇವಾವುದಕ್ಕೂ ಹಣ ಬಿಚ್ಚದ ಚಾರ್ವಾಕರು ದೀಪದ ಮೇಲೆ ಕರಿಯ ಇನ್ಸುಲೇಷನ್ ಟೇಪಿನ ತುಣುಕೊಂದನ್ನು ಅಂಟಿಸಿದರು. ಕಾಣದಿರುವುದು ಇಲ್ಲವೆಂಬ ಸಿದ್ಧಾಂತಕ್ಕೆ ಇಷ್ಟು ಅಗ್ಗದ ಭಾಷ್ಯ ಹಿಂದೆ ರಚಿತವಾದಂತಿಲ್ಲ.

ರಾಜಶಾಸನವು ಇದನ್ನು ಹಿಡಿಯದೆ? ಭಾರತದಲ್ಲಿ ಬಿಎಸ್ 4 ಎಂಬ ಮಾಲಿನ್ಯಮಾನಕದ ಕಾಲದ ಡೀಸೆಲ್ ಕಾರು ಕಿಲೋಮೀಟರಿಗೆ 0.25 ಗ್ರಾಂ ನೈಟ್ರೋಜನ್ ಆಕ್ಸೈಡನ್ನು ಹೊರಬಿಡಬಹುದಾಗಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಅದನ್ನು 0.08ಕ್ಕೆ ಇಳಿಸಿತು. ಆದರೆ ಈ ಅಂಕಿಗಳನ್ನು ಅಳೆಯುವುದು ಮುಖ್ಯವಾಗಿ ಕಾರು ಮಾರುಕಟ್ಟೆಗೆ ಬರುವ ಮುನ್ನ. ತರುವಾಯ ಮಾಲೀಕನು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಎಮಿಷನ್ ಟೆಸ್ಟಿಗೆ ನಿಲ್ಲಿಸಿದಾಗ, ನ್ಯೂಟ್ರಲಿನಲ್ಲಿ ಇಂಜಿನನ್ನು ಗರ್ಜಿಸಿ, ಹೊಗೆಯು ಎಷ್ಟು ಕಪ್ಪಗಿದೆಯೆಂಬುದೊಂದನ್ನೇ ನೋಡುತ್ತಾರೆ. ಎಂಜಲುಣ್ಣುವ ಇಂಜಿನಿಗೆ ಮಸಿ ಹೆಚ್ಚು, ನೈಟ್ರೋಜನ್ ಆಕ್ಸೈಡು ಕಡಿಮೆ. ಮಡಿವಂತ ಇಂಜಿನಿಗೆ ಮಸಿ ಕಡಿಮೆ, ಕಣ್ಣಿಗೆ ಕಾಣದ ಆ ಆಕ್ಸೈಡು ಹೆಚ್ಚು. ಆದುದರಿಂದ ವಿಧಿಯನ್ನು ಮೀರಿದವನಿಗೇ ಸರ್ಟಿಫಿಕೇಟು ಅನಾಯಾಸವಾಗಿ ಲಭಿಸುವುದು. ಅದರಲ್ಲಿ ಬರೆದುದೆಲ್ಲವೂ ಸತ್ಯವೆಂಬುದು ಇದರ ಸೊಗಸು.

ಉಳಿದದ್ದು ಉತ್ತರಾಧಿಕಾರದ ಪ್ರಶ್ನೆ. ಸೆಕೆಂಡ್‌ಹ್ಯಾಂಡ್ ಕೊಳ್ಳಲು ಬಂದವನ ಜೊತೆಯ ಚತುರನೊಬ್ಬನು ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರನ್ನು ಚುಚ್ಚಿ, ದೋಷಗಳೊಂದೂ ಇಲ್ಲದಿರುವುದನ್ನೂ, ಸ್ವಯಂಪರೀಕ್ಷೆಗಳೊಂದೂ ಪೂರ್ತಿಯಾಗದಿರುವುದನ್ನೂ ಒಟ್ಟಿಗೆ ಕಂಡು, ಸ್ಮೃತಿಯನ್ನು ಇತ್ತೀಚೆಗಷ್ಟೇ ಅಳಿಸಿದ್ದಾರೆಂದು ಗ್ರಹಿಸುತ್ತಾನೆ. ಆಗ ವಿವಾದ: ತಗಡಿನ ಪಾಪವು ಮಾರಿದವನದೋ ಕೊಂಡವನದೋ? ಆರ್‌ಟಿಓ ಕಚೇರಿಯ 29 ಮತ್ತು 30ನೆಯ ನಮೂನೆಗಳಲ್ಲಿ ವಾಹನದ ವರ್ಗಾವಣೆಗೆ ಅವಕಾಶವಿದೆಯೇ ಹೊರತು ಪಾಪಕ್ಕೆ ಪ್ರತ್ಯೇಕ ಕಾಲಮಿಲ್ಲ. ಮಾರಿದವನು ಮೌನಿ, ಕೊಂಡವನು ಕುಪಿತ. ಇಬ್ಬರ ವಾದವನ್ನೂ ಕೈಯೊರಸಿಕೊಳ್ಳುತ್ತ ಸಾವಧಾನವಾಗಿ ಕೇಳಿದ ಮೆಕ್ಯಾನಿಕನು ತನ್ನ ನಿರ್ಣಯವನ್ನು ಹೀಗೆ ಸಾದರಪಡಿಸಿದನು: "ಹಾಕೋಕೂ ತೆಗೆಯೋಕೂ ಒಂದೇ ರೇಟು ಸಾರ್."