ಸಣ್ಣೂರು ಮೀಮಾಂಸೆ

ಸಣ್ಣ ಊರಿನ ಕಥೆಗಳು ದೊಡ್ಡ ಊರಿನವರಿಗೆ ಏಕೆ ಅಷ್ಟೊಂದು ರುಚಿಸುತ್ತವೆ ಎಂಬ ಗಹನ ಸಮಸ್ಯೆಯನ್ನು ಪೂರ್ವಸೂರಿಗಳು ಹಾಗೇ ಬಿಟ್ಟುಹೋಗಿರುವುದರಿಂದ, ಲೋಕಹಿತಾರ್ಥವಾಗಿ ಆ ಹೊಣೆಯನ್ನು ನಾವೇ ಹೊರಬೇಕಾಗಿದೆ.

ಸೂತ್ರ 1: ಬಸ್ಸಿಳಿದವನನ್ನು ಸುಮ್ಮನೆ ಬಿಡದಿರುವುದೇ ಸಣ್ಣೂರಿನ ಲಕ್ಷಣ.

ಭಾಷ್ಯ: ಊರನ್ನು ತಲೆ ಎಣಿಸಿ ಅಳೆಯುವುದು ಸೆನ್ಸಸ್ಸಿನವರ ಪ್ರಮಾದ. ಚೀಲ ಕೆಳಗಿಡುವ ಮೊದಲೇ ‘ಯಾರ ಮನೆಗೆ? ಯಾರ ಪೈಕಿ?’ ಎಂಬ ವಿಚಾರಣೆ ಶುರುವಾದರೆ ಅದು ಸಣ್ಣೂರು. ಎದುರು ಫ್ಲಾಟಿನವರ ಹೆಸರು ದಾರಿತಪ್ಪಿ ಬಂದ ಕೊರಿಯರ್‌ನಿಂದ ಮಾತ್ರ ತಿಳಿದರೆ ಅದು ನಗರ.

ಇಂಥ ಊರು ಭೂಮಿಯ ಮೇಲೆ ಇರಲೇಬೇಕೆಂದೇನಿಲ್ಲ. 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಆರ್.ಕೆ. ನಾರಾಯಣ್ ಕಟ್ಟಿದ ಮಾಲ್ಗುಡಿಗೆ ಸರಯೂ ನದಿಯಿದೆ, ಮೆಂಪಿ ಬೆಟ್ಟವಿದೆ, ಕಬೀರ್ ಬೀದಿಯಿದೆ; ಊರೊಂದೇ ಇಲ್ಲ. ಆದರೂ ಅಮೆರಿಕದ ವಿದ್ವಾಂಸ ಜೇಮ್ಸ್ ಫೆನೆಲಿ ಅದರ ನಕ್ಷೆ ಬಿಡಿಸಿದರು. ಶಂಕರ್ ನಾಗ್ ಅದನ್ನು ಆಗುಂಬೆಗೆ ತಂದು ಧಾರಾವಾಹಿ ಮಾಡಿದರು. ಆ ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ನಿನ ಪಾತ್ರ ವಹಿಸಿದ ಅರಸಾಳಿನಲ್ಲಿ ರೈಲ್ವೆಯವರು 2020ರಲ್ಲಿ ಮ್ಯೂಸಿಯಮ್ಮನ್ನೇ ತೆರೆದರು. ಇರುವ ಊರುಗಳು ಒಂದು ಸ್ಟಾಪಿಗಾಗಿ ಅರ್ಜಿ ಗುಜರಾಯಿಸುತ್ತಲೇ ಇರುವ ಕಾಲದಲ್ಲಿ ಇಲ್ಲದ ಊರಿಗೆ ಸಂದ ಈ ಮರ್ಯಾದೆ ಚಿಂತನಾರ್ಹ.

ಪೂರ್ವಪಕ್ಷ: ಸಣ್ಣೂರಿನ ಕಥೆಗಳಲ್ಲಿ ನೆಮ್ಮದಿಯಿದೆ, ಮುಗ್ಧತೆಯಿದೆ, ಅದಕ್ಕೇ ಓದುತ್ತಾರೆ.

ಖಂಡನೆ: ಪೂರ್ವಪಕ್ಷದವರು ಮುಖಪುಟ ದಾಟಿದಂತಿಲ್ಲ. 1961ರ ‘ದಿ ಮ್ಯಾನ್‌ಈಟರ್ ಆಫ್ ಮಾಲ್ಗುಡಿ’ಯಲ್ಲಿ ಸತ್ತ ಪ್ರಾಣಿಗಳ ಚರ್ಮ ಸುಲಿದು ಬೊಂಬೆ ಮಾಡುವ ವಾಸು, ಪಾಪದ ಮುದ್ರಕ ನಟರಾಜನ ಅಟ್ಟದಲ್ಲಿ ಠಿಕಾಣಿ ಹೂಡಿ, ದೇವಸ್ಥಾನದ ಆನೆಯ ಮೇಲೂ ಕಣ್ಣಿಡುತ್ತಾನೆ. ಅನಂತಮೂರ್ತಿಯವರ ‘ಸಂಸ್ಕಾರ’ದ ದೂರ್ವಾಸಪುರದಲ್ಲಂತೂ ಅತ್ತ ಪ್ಲೇಗು, ಇತ್ತ ಸಂಸ್ಕಾರವಾಗದ ಹೆಣ. ಇದು ನೆಮ್ಮದಿಯಾದರೆ ಸಿಲ್ಕ್ ಬೋರ್ಡ್ ಜಂಕ್ಷನ್ ತಪೋವನ.

ಸೂತ್ರ 2: ಊರ ಬಾಯಿ ಬೇಕು, ಅದರೊಳಗೆ ನಾವು ಬೇಡ.

ಭಾಷ್ಯ: ಇದೇ ಸಿದ್ಧಾಂತ. ಯಾರ ಮಗಳು ಯಾರೊಂದಿಗೆ ಬಸ್ ಹತ್ತಿದಳು, ಯಾರು ಯಾರ ಬೇಲಿ ಸರಿಸಿದರು ಎಂದು ತಿಳಿಯುವ ಹಸಿವು ನಗರಕ್ಕೆ ಬಂದರೂ ಇಂಗುವುದಿಲ್ಲ. ಆದರೆ ಊರಲ್ಲಿದ್ದು ಇದನ್ನೆಲ್ಲ ತಿಳಿಯಬೇಕಾದರೆ ನಮ್ಮ ಮನೆಯ ಸುದ್ದಿಯನ್ನೂ ವಿನಿಮಯಕ್ಕಿಡಬೇಕು. ಕಾದಂಬರಿಯಲ್ಲಿ ಆ ತೆರಿಗೆಯಿಲ್ಲ. ಇಡೀ ಊರನ್ನು ಇಣುಕಿ ನೋಡಬಹುದು, ತಿರುಗಿ ನಮ್ಮನ್ನು ನೋಡುವವರಿಲ್ಲ.

ಸೂತ್ರ 3: ದೂರ ಹೆಚ್ಚಿದಷ್ಟೂ ಊರು ನಿಚ್ಚಳ.

ಭಾಷ್ಯ: ಲೇಖಕರಿಗೂ ಇದು ಅನ್ವಯ. ದೂರ್ವಾಸಪುರ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಯಶವಂತ ಚಿತ್ತಾಲರು ತಮ್ಮ ಹನೇಹಳ್ಳಿಯನ್ನು ಮತ್ತೆ ಮತ್ತೆ ಕಂಡದ್ದು ಮುಂಬಯಿಯಿಂದ.

ಆಕ್ಷೇಪ: ಮೂಡಿಗೆರೆಯಲ್ಲೇ ಬೇರುಬಿಟ್ಟು ಬರೆದ ತೇಜಸ್ವಿ?

ಸಮಾಧಾನ: ಅಪವಾದವೂ ಸೂತ್ರದ ಕಡೆಗೇ ಸಾಕ್ಷಿ ನುಡಿಯುತ್ತದೆ. 1985ರ ‘ಚಿದಂಬರ ರಹಸ್ಯ’ದ ಕೆಸರೂರಿನಲ್ಲಿ ಏಲಕ್ಕಿ ನೆಲಕಚ್ಚಿದೆ, ವಿಜ್ಞಾನಿಯೊಬ್ಬರ ಸಾವು ನಿಗೂಢವಾಗಿದೆ, ಜಾತಿ ಧರ್ಮಗಳು ಹೊಗೆಯಾಡುತ್ತಿವೆ. ಅದನ್ನು ಓದಿದ ಯಾರೂ ಅಲ್ಲಿ ಹೋಮ್‌ಸ್ಟೇ ಬುಕ್ ಮಾಡಲು ಹೊರಟಂತಿಲ್ಲ. ಹತ್ತಿರವಿದ್ದವನಿಗೆ ಊರು ಕಾಣುವುದೇ ಹಾಗೆ.

ಫಲಶ್ರುತಿ: ಈ ಮೀಮಾಂಸೆಯನ್ನು ಭಕ್ತಿಯಿಂದ ಪಠಿಸಿದವರಿಗೆ ಇರುವಲ್ಲೇ ಹುಟ್ಟೂರಿನ ಸುಖ ಪ್ರಾಪ್ತವಾಗುವುದು. ಆವೇಶ ತಡೆಯದೆ ನಿಜವಾಗಿಯೂ ಊರಿಗೆ ಮರಳಿ, ಸಂಬಳವೆಷ್ಟು, ಸೈಟು ಕೊಂಡಿರಾ, ಮಗನಿಗೆ ಇನ್ನೂ ಯಾಕೆ ಹೆಣ್ಣು ಸಿಕ್ಕಿಲ್ಲ ಎಂಬ ಪ್ರಶ್ನೆಗಳಿಗೆ ಸಿಕ್ಕಿಬಿದ್ದವರಿಗೆ ಶಾಸ್ತ್ರಕಾರರು ಹೊಣೆಯಲ್ಲ. ಅಂಥವರು ರಾತ್ರಿ ಬಸ್ಸಿಗೇ ಹಿಂತಿರುಗಿ, ಬರುವಾಗ ಆ ಊರಿನ ಬಗ್ಗೆಯೇ ಒಂದು ಕಾದಂಬರಿ ಕೊಂಡು ತರತಕ್ಕದ್ದು.