ಬಂಗಾಳ ಕೊಲ್ಲಿಯವರೇ, ಮಳೆಯನ್ನು ಕಂತಿನಲ್ಲಿ ಕಳಿಸಿ

ಶ್ರೀ ಬಂಗಾಳ ಕೊಲ್ಲಿಯವರ ಸನ್ನಿಧಾನಕ್ಕೆ,
ಕಡಲೂರು ತೀರ.

ವಿಷಯ: ತಾವು ಕಳಿಸುವ ನೀರನ್ನು ವಾಪಸು ಕಳಿಸಲು ತಡವಾಗುತ್ತಿರುವ ಬಗ್ಗೆ.

ಮಾನ್ಯರೇ,

ನಾವು ಬೆಂಗಳೂರಿನ ಸಹಕಾರನಗರದವರು. ತಮಗೂ ನಮಗೂ ಏನು ಸಂಬಂಧ ಎನ್ನಬೇಡಿ. ನಮ್ಮ ಮಳೆನೀರು ರಾಜಕಾಲುವೆ ಹಿಡಿದು ಹೆಬ್ಬಾಳ ಕಣಿವೆಗೆ ಇಳಿಯುತ್ತದೆ; ಕಲ್ಕೆರೆ, ರಾಂಪುರ, ಎಲೆಮಲ್ಲಪ್ಪ ಶೆಟ್ಟಿ ಕೆರೆ ಹಾದು ದಕ್ಷಿಣ ಪಿನಾಕಿನಿಗೆ ಬೀಳುತ್ತದೆ. ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನಮ್ಮ ಸೋಪಿನ ನೊರೆಯ ದರ್ಶನ ಕೊಟ್ಟು, ಕೃಷ್ಣಗಿರಿ, ಸಾತನೂರು ದಾಟಿ, ಕಡಲೂರಿನಲ್ಲಿ ತಮ್ಮ ಪಾದ ಸೇರುತ್ತದೆ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಇಳಿಜಾರು ಸಾಲದೆಂದು ಯಾವ ಎಂಜಿನಿಯರೂ ವರದಿ ಬರೆಯುವಂತಿಲ್ಲ.

ಆದರೂ ನೀರು ದಾರಿ ಮಧ್ಯೆ ಜನರ ಮನೆಗೆ ನುಗ್ಗುತ್ತದೆ. 2021ರ ನವೆಂಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನೊಳಗೆ ಹೊಕ್ಕಿತು. 2024ರ ಅಕ್ಟೋಬರಿನಲ್ಲಿ ಮತ್ತೆ ಬಂತು. ನಿವಾಸಿಗಳನ್ನು ದೋಣಿಯಲ್ಲಿ ಹೊರಗೆ ಕರೆತಂದರು. ಬಂದರಿಲ್ಲದ ಊರಿಗೆ ಇದೇನು ಕಡಿಮೆ ಸಾಧನೆಯೇ?

ಹಿಂದೆ ಕೆರೆಗೊಬ್ಬ ನೀರಗಂಟಿ ಇರುತ್ತಿದ್ದ. ತೂಬಿನ ಕಲ್ಲುಗಂಬಗಳ ನಡುವೆ ಇಳಿಬಿಟ್ಟ ಗೂಟವನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಲ್ಲ ಅವನ ಲೆಕ್ಕ. ಬೇಸಿಗೆಗೆ ಕೆರೆಯ ತಳ ಕಾಣುತ್ತಿತ್ತು, ರೈತರು ಗೋಡು ಹೊಡೆಯುತ್ತಿದ್ದರು, ಮುಂಗಾರಿಗೆ ಜಾಗವಿರುತ್ತಿತ್ತು. ಈಗ ಅಚ್ಚುಕಟ್ಟಿನಲ್ಲಿ ಭತ್ತದ ಬದಲು ಲೇಔಟು ಬೆಳೆದಿದೆ. ಎಷ್ಟೋ ತೂಬುಗಳು ಹೂಳಿನಡಿ ಸೇರಿವೆ. ಇತ್ತ ಕೊಳಚೆಯೋ ಸಂಸ್ಕರಿಸಿದ ನೀರೋ ವರ್ಷವಿಡೀ ಕೆರೆಗೆ ಬರುತ್ತಲೇ ಇರುತ್ತದೆ. ಜಕ್ಕೂರು ಕೆರೆಗೆ ಸಂಸ್ಕರಣಾ ಘಟಕದ ನೀರು ಜೌಗು ಹಾದು ಹರಿಯುತ್ತದೆ. ಒಳ್ಳೆಯ ವ್ಯವಸ್ಥೆಯೇ, ಹಕ್ಕಿಗಳಿಗೂ ವಾಕಿಂಗಿನವರಿಗೂ ಖುಷಿ. ಆದರೆ ಏಪ್ರಿಲಿನಲ್ಲೇ ಕೋಡಿಮಟ್ಟಕ್ಕೆ ತುಂಬಿ ಕೂತ ಯಾವ ಕೆರೆಗಾದರೂ ಮೇ ತಿಂಗಳ ಒಂದು ಬಿರುಮಳೆ ಸಾಕು.

ಮೊದಲೇ ಮೂರಡಿ ಇಳಿಸಿ ಎನ್ನೋಣವೇ? ಕೆರೆ ಒಣಗಿಸಿದರೆಂದು ಏರಿಯ ಮೇಲೆ ಪ್ರತಿಭಟನೆ. ಮಳೆ ಬಂದಾಗ ಬಿಡಿ ಎಂದರೆ ಕೆಳಗಿನ ಬಡಾವಣೆಯವರು ದೊಣ್ಣೆ ಹಿಡಿದು ಬರುತ್ತಾರೆ. ಬಿಡಬೇಡಿ ಎಂದರೆ ಮೇಲಿನವರ ಬೇಸ್‌ಮೆಂಟ್ ಮುಳುಗುತ್ತದೆ. ಹೀಗಾಗಿ ಏನೂ ಮಾಡದಿರುವುದೇ ಎಲ್ಲರಿಗೂ ಸಮಾನ ನ್ಯಾಯವೆಂದು ಒಪ್ಪಿಕೊಂಡಿದ್ದೇವೆ.

ತಮ್ಮದೇ ದಡದ ಚಿಲಿಕಾ ಸರೋವರದ ಬಾಯಿ ಮರಳಿನಿಂದ ಕಟ್ಟಿಕೊಂಡಾಗ, ಚಿಲಿಕಾ ಅಭಿವೃದ್ಧಿ ಪ್ರಾಧಿಕಾರ 2000ದ ಸೆಪ್ಟೆಂಬರಿನಲ್ಲಿ ಹೊಸ ಅಳಿವೆ ತೋಡಿಸಿತು. ಉಪ್ಪು ಸಿಹಿಯ ಹದ ಮರಳಿತು, ಮೀನೂ ಮರಳಿತು. ತೋಡಬೇಕಾದವರು ಯಾರೆಂದು ಅಲ್ಲಿ ಗೊತ್ತಿತ್ತು. ನಮ್ಮಲ್ಲಿ ಕೊಳಚೆ ಜಲಮಂಡಳಿಯದು, ಕಾಲುವೆ ಪಾಲಿಕೆಯದು, ಕೆಲವು ಕೆರೆ ಅರಣ್ಯ ಇಲಾಖೆಯದು, ಮೀನು ಮೀನುಗಾರಿಕೆ ಇಲಾಖೆಯದು. ಮುಳುಗಿದ ಕಾರು ಮಾತ್ರ ನಮ್ಮದು.

2022ರ ಪ್ರವಾಹದ ನಂತರ ಕೆರೆಗಳಿಗೆ ಗೇಟು ಕೂರಿಸುತ್ತೇವೆಂದು ಸರ್ಕಾರ ಘೋಷಿಸಿತು. ಸಂತೋಷ. ಗೇಟಿಗೆ ಟೆಂಡರ್ ಕರೆಯಬಹುದು. ನಡುರಾತ್ರಿ ಕೊಡೆ ಹಿಡಿದು ಹೋಗಿ ಅದರ ಚಕ್ರ ತಿರುಗಿಸುವವನನ್ನು ಎಲ್ಲಿಂದ ತರುವುದು? ನೀರಗಂಟಿಯ ಮೊಮ್ಮಗ ಈಗ ಕ್ಯಾಬ್ ಓಡಿಸುತ್ತಿರಬಹುದು, ಅದೇ ನೀರಿನಲ್ಲಿ ಸಿಕ್ಕಿಕೊಂಡು.

ಆದ್ದರಿಂದ, ಹಿಂಗಾರಿನಲ್ಲಿ ತಾವು ವಾಯುಭಾರ ಕುಸಿತದ ಹೆಸರಿನಲ್ಲಿ ರವಾನಿಸುವ ಮೋಡಗಳನ್ನು ದಯವಿಟ್ಟು ಸಣ್ಣ ಕಂತುಗಳಲ್ಲಿ, ರಜಾ ದಿನ ಬಿಟ್ಟು, ಕಚೇರಿ ವೇಳೆಯಲ್ಲಿ ಕಳಿಸಬೇಕಾಗಿ ಪ್ರಾರ್ಥನೆ.

ಇಂತಿ,
ಸಹಕಾರನಗರದ ಒಬ್ಬ ನಿವಾಸಿ

ಪ್ರತಿ: ಕೆರೆಗಳನ್ನು ಹಂಚಿಕೊಂಡಿರುವ ಎಲ್ಲ ಇಲಾಖೆಗಳಿಗೆ. ಮಳೆಗಾಲಕ್ಕೆ ಮುಂಚೆ ನೀರು ಇಳಿಸುವ ಅಧಿಕಾರ ಯಾರದೆಂದು ಪ್ರತಿ ಕೆರೆಗೂ ಒಂದೇ ಒಂದು ಹುದ್ದೆಯನ್ನು ಗೊತ್ತುಮಾಡಿ, ಅದರ ಫೋನ್ ನಂಬರನ್ನು ಏರಿಯ ಮೇಲೆ ಬರೆಸಿ.