ಪುರ್ತಗೇರಿಯ ಮಿಣುಕುಶಾಸ್ತ್ರ: ಲ್ಯಾಪ್‌ಟಾಪ್ ಪರದೆಯ ಚಾಂಚಲ್ಯವನ್ನು ಕುರಿತ ಲಕ್ಷಣಗ್ರಂಥ

ಲ್ಯಾಪ್‌ಟಾಪಿನ ಪರದೆ ಯಜಮಾನನ ಅಪ್ಪಣೆಯಿಲ್ಲದೆ ಬೆಳಗಿ, ಮಂಕಾಗಿ, ಮತ್ತೆ ಬೆಳಗಿದರೆ ಅದು ಮಿಣುಕು. ಒಮ್ಮೆ ಮಂಕಾಗಿ ಹಾಗೆಯೇ ಉಳಿದರೆ ಅದು ಬ್ಯಾಟರಿ ಉಳಿಸುವ ಸೆಟ್ಟಿಂಗ್. ಪೂರಾ ಆರಿಹೋದರೆ ಅದು ಈ ಶಾಸ್ತ್ರದ ವ್ಯಾಪ್ತಿಗೆ ಬಾರದು. ಅದಕ್ಕೆ ಬೇರೆ ಗ್ರಂಥ, ಬೇರೆ ಖರ್ಚು. ಅರ್ಜಿ ಹಾಕುವ ಕೊನೆಯ ದಿನವೇ ಕಾಣಿಸಿಕೊಳ್ಳುವುದು ಮಿಣುಕಿನ ಸ್ವಭಾವವೆಂದು ಎಲ್ಲ ಪಂಥಗಳೂ ಒಪ್ಪುತ್ತವೆ. ಅವು ಒಪ್ಪುವುದು ಇದೊಂದನ್ನೇ.

ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಪುರ್ತಗೇರಿಯಲ್ಲಿ ಮಿಣುಕಿಗೆ ಕಾರಣ ಹೇಳುವವರನ್ನು ಶಾಸ್ತ್ರಸೌಕರ್ಯಕ್ಕಾಗಿ ನಾಲ್ಕು ಪಂಥಗಳಲ್ಲಿ ಕೂರಿಸಬಹುದು. ಮೊದಲನೆಯದು ದೃಷ್ಟಿಪಂಥ. ಹೊಸ ಲ್ಯಾಪ್‌ಟಾಪಿನ ಮೇಲೆ ಓಣಿಯವರ ಕಣ್ಣು ಬಿತ್ತೆಂಬುದು ಇದರ ಸಿದ್ಧಾಂತ, ನಿಂಬೆಹಣ್ಣು ಇದರ ಏಕೈಕ ಉಪಕರಣ. ನಿಂಬೆಯ ರಸ ವಿದ್ಯುದ್ವಾಹಕ. ಅದನ್ನು ಕೀಬೋರ್ಡಿನ ಮೇಲೆ ಹಿಂಡಿದರೆ ಮಿಣುಕು ನಿಲ್ಲುವ ಸಂಭವವಿದೆ, ಉಳಿದದ್ದೂ ನಿಲ್ಲುತ್ತದೆ.

ಎರಡನೆಯ ಗಾಳಿಪಂಥದವರು ಗಜೇಂದ್ರಗಡದ ಗುಡ್ಡಸಾಲಿನ ಗಾಳಿಯಂತ್ರಗಳತ್ತ ಬೆರಳು ತೋರಿಸುತ್ತಾರೆ. ಇವರನ್ನು ನಕ್ಕು ಕಳಿಸುವಂತಿಲ್ಲ. ಹೊತ್ತು ಇಳಿದಾಗ ತಿರುಗುವ ರೆಕ್ಕೆಯ ನೆರಳು ಹತ್ತಿರದ ಮನೆಯ ಕಿಟಕಿಯ ಮೇಲೆ ಹಾಯ್ದು ಕೋಣೆಯ ಬೆಳಕೇ ಮಿಣುಕುವುದುಂಟು. ಮೂರು ರೆಕ್ಕೆಯ ಯಂತ್ರ ನಿಮಿಷಕ್ಕೆ 20 ಸುತ್ತು ತಿರುಗಿದರೆ ನೆರಳು ಸೆಕೆಂಡಿಗೊಮ್ಮೆ ಹಾಯುತ್ತದೆ. ಆದರೆ ನೆರಳಿಗೆ ಪರದೆಯ ಮೇಲೆ ವಿಶೇಷ ಮಮತೆಯಿಲ್ಲ. ಗೋಡೆ, ಕ್ಯಾಲೆಂಡರು, ಮೂಲೆಯಲ್ಲಿ ಕೂತ ಅಜ್ಜಿ ಎಲ್ಲರೂ ಮಿಣುಕಬೇಕು. ಅಜ್ಜಿ ಸ್ಥಿರವಾಗಿದ್ದು ಪರದೆ ಮಾತ್ರ ಮಿಣುಕಿದರೆ ಪಂಥ ಸೋತಂತೆ. ರಾತ್ರಿ ಮಿಣುಕಿದರೆ ಅಜ್ಜಿಯ ಸಾಕ್ಷ್ಯವೂ ಬೇಕಿಲ್ಲ.

ಅನುಯಾಯಿಗಳ ಬಲದಲ್ಲಿ ಮುಂದಿರುವುದು ಕರೆಂಟುಪಂಥ. ಹೊಲದಲ್ಲಿ ಪಂಪ್‌ಸೆಟ್ ಚಾಲೂ ಆದಾಗ ಮನೆಯ ಬಲ್ಬು ಕುಗ್ಗುತ್ತದೆ, ಆದ್ದರಿಂದ ಪರದೆಯೂ ಕುಗ್ಗಬೇಕು ಎಂಬುದು ಇದರ ತರ್ಕ. ಈ ಪಂಥದವರು ಓದದ ಏಕೈಕ ಗ್ರಂಥ ಚಾರ್ಜರಿನ ಬೆನ್ನಿಗಂಟಿದ ಚೀಟಿ. ಒಳಬರುವ ವಿದ್ಯುತ್ತು 100ರಿಂದ 240 ವೋಲ್ಟ್, 50ರಿಂದ 60 ಹರ್ಟ್ಸ್ ಎಂದು ಅದರಲ್ಲಿ ಅಚ್ಚಾಗಿರುತ್ತದೆ. 230 ವೋಲ್ಟಿರಬೇಕಾದದ್ದು 170ಕ್ಕೆ ಇಳಿದರೆ ಬಲ್ಬು ಮುನಿಯುತ್ತದೆ, ಚಾರ್ಜರು ಗಮನಿಸುವುದೇ ಇಲ್ಲ. ಅದರಾಚೆಗೆ ಬ್ಯಾಟರಿ ಬೇರೆ ಕಾವಲಿಗಿದೆ. ಪರೀಕ್ಷೆ ಸರಳ: ಚಾರ್ಜರ್ ಕಿತ್ತು ನೋಡುವುದು. ಮಿಣುಕು ಮುಂದುವರಿದರೆ ಕರೆಂಟು ನಿರ್ದೋಷಿ. ಹೀಗೆ ಅದು ನಿರ್ದೋಷಿಯಾಗುವ ಪ್ರಸಂಗಗಳು ಅಪರೂಪವಾದ್ದರಿಂದ ಬರೆದಿಟ್ಟುಕೊಳ್ಳಬೇಕು. ಚಾರ್ಜರ್ ಹಚ್ಚಿದಾಗ ಮಾತ್ರ ಮಿಣುಕಿದರೆ ಅನುಮಾನ ಚಾರ್ಜರಿನ ಮೇಲೆ ಅಥವಾ ಮನೆಯ ಅರ್ಥಿಂಗಿನ ಮೇಲೆ.

ನಾಲ್ಕನೆಯದು ತಟ್ಟುಪಂಥ. ಪಂಡಿತರು ಇದನ್ನು ಹೀಗಳೆದರೂ ಸತ್ಯದ ಅತಿ ಸಮೀಪದಲ್ಲಿರುವುದು ಇದೇ. “ಹಿಂದ ಒಂದ್ ಏಟು ಹಾಕ್ರಿ, ಸರಿ ಹೋಗ್ತೈತಿ” ಎಂಬುದು ಇದರ ಸೂತ್ರ. ಏಟಿಗೆ ಪರದೆ ಸರಿಹೋಗುವುದೂ ಉಂಟು. ಅದರ ರಹಸ್ಯ ಕೀಲಿನಲ್ಲಿದೆ. ಮದರ್‌ಬೋರ್ಡಿನಿಂದ ಹೊರಟ ತೆಳು ಕೇಬಲ್ಲೊಂದು ಕೀಲಿನ ಸಂದಿಯಲ್ಲಿ ಹಾಯ್ದು ಮುಚ್ಚಳದೊಳಗೆ ಹೊಕ್ಕು ಪ್ಯಾನೆಲ್ಲಿನ ಬೆನ್ನಿಗೆ ಸೇರುತ್ತದೆ. ಆ ಕನೆಕ್ಟರಿಗೆ ಬಹುಪಾಲು 30 ಅಥವಾ 40 ಪಿನ್ನು. ಚಿತ್ರವೂ ಹಿಂಬೆಳಕಿನ ಶಕ್ತಿಯೂ ಇದರ ಮೂಲಕವೇ ಹೋಗಬೇಕು. ಬಾವಿಯ ಹಗ್ಗ ಗಾಲಿಗೆ ಉಜ್ಜುವಲ್ಲೇ ಸವೆಯುವಂತೆ ಈ ಕೇಬಲ್ ಕೀಲಿನಲ್ಲೇ ಸವೆಯುತ್ತದೆ. ಏಟು ಬಿದ್ದಾಗ ಒಳಗಿನ ತಂತಿ ಅಲುಗಿ ಸಂಪರ್ಕ ಮರಳುತ್ತದೆ. ತಟ್ಟಿದವನು ತಾನು ಚಿಕಿತ್ಸೆ ಮಾಡಿದೆನೆಂದುಕೊಳ್ಳುತ್ತಾನೆ. ವಾಸ್ತವದಲ್ಲಿ ಅವನು ಮಾಡಿದ್ದು ರೋಗಪರೀಕ್ಷೆ, ಅದೂ ಸ್ವಲ್ಪ ಒರಟಾಗಿ. ಸಭ್ಯ ವಿಧಾನವೆಂದರೆ ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ವಾಲಿಸುವುದು. ಯಾವುದೋ ಕೋನದಲ್ಲಿ ಮಿಣುಕು ಹೆಚ್ಚಿ ಇನ್ನೊಂದರಲ್ಲಿ ನಿಂತರೆ ಅಪರಾಧಿ ಕೇಬಲ್ಲೇ. ನಿಂತ ಕೋನಕ್ಕೆ ಮುಹೂರ್ತಕೋನ ಎಂದು ಹೆಸರಿಡಬಹುದು. ಅದು ಸಿಕ್ಕ ಮನೆಗಳಲ್ಲಿ ಮುಚ್ಚಳದ ಹಿಂದೆ ತಂಬಿಗೆ ಇಟ್ಟು, ಯಾರೂ ಮುಟ್ಟಬಾರದೆಂದು ಕಟ್ಟಪ್ಪಣೆಯಾಗುತ್ತದೆ. ತಂಬಿಗೆ ಬೇಕಾದವರು ಬೇರೆ ಕೊಳ್ಳಬೇಕು.

ಇಲ್ಲಿಗೆ ಸೇರಿದ ಇನ್ನೊಂದು ಲಕ್ಷಣ ಅಂಗಡಿಸಂಕೋಚ. ಮನೆಯಲ್ಲಿ ಕುಣಿದ ಪರದೆ ಗಜೇಂದ್ರಗಡದ ರಿಪೇರಿ ಅಂಗಡಿಯ ಮೇಜಿನ ಮೇಲೆ ಸಾಧುವಾಗುತ್ತದೆ. ಮುಚ್ಚಿದ ಲ್ಯಾಪ್‌ಟಾಪು ಬೈಕಿನ ಮೇಲೆ ಕುಲುಕಿ ಬರುವಾಗ ಕೇಬಲ್ ತಾನಾಗಿ ಜಾಗಕ್ಕೆ ಕೂರುವುದು ಕಾರಣವಿರಬಹುದು. ಆದ್ದರಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿ ಒಯ್ಯುವುದು ರೂಢಿ. ಆದರೆ ಮೊಬೈಲು ಪೂರ್ತಿ ನಂಬಬಹುದಾದ ಸಾಕ್ಷಿಯಲ್ಲ. ಎಷ್ಟೋ ಪರದೆಗಳು ಬೆಳಕು ತಗ್ಗಿಸಲು ಹಿಂಬದಿಯ ಎಲ್‌ಇಡಿಗಳನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಕಾಣದ ಈ ವ್ಯವಹಾರ ಕ್ಯಾಮೆರಾದಲ್ಲಿ ಪಟ್ಟೆಪಟ್ಟೆಯಾಗಿ ಮೂಡುತ್ತದೆ. ಪ್ರತ್ಯಕ್ಷ ಪ್ರಮಾಣದಲ್ಲಿ ಮೊದಲು ಕಣ್ಣು, ಆಮೇಲೆ ಮೊಬೈಲು.

ಪಂಥಗಳ ಮೇಲೆ ದೊಡ್ಡದೊಂದು ವಾದ ನಿಂತಿದೆ: ದೋಷ ತಂತಿಯದೋ ತಂತ್ರಾಂಶದ್ದೋ? 1787ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ಗಜೇಂದ್ರಗಡದ ಒಪ್ಪಂದವಾಯಿತು. ಈ ಎರಡು ಪಕ್ಷಗಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ. ತಂತ್ರಾಂಶ ಪಕ್ಷದ ವಾದ ಇಷ್ಟು: ಸಾಮಾನ್ಯ ಪರದೆ ಒಂದೇ ಚಿತ್ರವನ್ನು ಸೆಕೆಂಡಿಗೆ 60 ಸಲ ಬರೆಯುತ್ತದೆ. ಬರೆದದ್ದನ್ನು ಅಳಿಸದ ಹಿರಿಮೆಯ ಗದುಗಿನ ಕುಮಾರವ್ಯಾಸನಿಗೆ ಇದು ರುಚಿಸುತ್ತಿರಲಿಲ್ಲ. ಈ ಬರವಣಿಗೆಯ ಲೆಕ್ಕ ನೋಡುವ ಡಿಸ್‌ಪ್ಲೇ ಡ್ರೈವರ್ ಕೆಟ್ಟರೆ ತಂತಿ ಹೊಚ್ಚಹೊಸದಿದ್ದರೂ ಪರದೆ ಮಿಣುಕುತ್ತದೆ. “ಬಂದ್ ಮಾಡಿ ಚಾಲೂ ಮಾಡು” ಎಂಬ ಸರ್ವರೋಗಸೂತ್ರ ಹುಟ್ಟಿದ್ದು ಈ ಪಕ್ಷದಲ್ಲೇ.

ವ್ಯಾಜ್ಯ ತೀರಿಸುವ ಕ್ರಮ ಹೀಗೆ. ಲ್ಯಾಪ್‌ಟಾಪ್ ಚಾಲೂ ಆಗುವಾಗಲೇ ಬಯಾಸ್ ಪುಟಕ್ಕೆ ಹೋಗಿ ಸುಮ್ಮನೆ ನೋಡುತ್ತ ಕೂರಬೇಕು. ಅಲ್ಲಿ ವಿಂಡೋಸ್ ಇನ್ನೂ ಹುಟ್ಟಿರುವುದಿಲ್ಲ. ಅಲ್ಲೂ ಮಿಣುಕಿದರೆ ಹುಟ್ಟದವನ ಮೇಲೆ ಕೇಸು ಹಾಕಲಾಗದು. ಅಲ್ಲಿ ಸ್ಥಿರವಾಗಿದ್ದರೆ ಒಳಗೆ ಬಂದು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರನ್ನು ಕರೆಯಬೇಕು. ಉಳಿದದ್ದೆಲ್ಲ ಮಿಣುಕಿ ಟಾಸ್ಕ್ ಮ್ಯಾನೇಜರ್ ಮಾತ್ರ ಗಂಭೀರವಾಗಿದ್ದರೆ ಯಾವುದೋ ಆ್ಯಪ್ ತಂಟೆ ಮಾಡುತ್ತಿದೆ. ಅದೂ ಜೊತೆಗೆ ಮಿಣುಕಿದರೆ ಡ್ರೈವರಿನ ತಪ್ಪು. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿದರೆ ಡ್ರೈವರ್ ಮರುಜನ್ಮ ಪಡೆಯುತ್ತದೆ. ನಾಲ್ಕು ಬೆರಳು ಸಾಲದವರು ಮಗ್ಗುಲಲ್ಲಿದ್ದವರ ನೆರವು ಪಡೆಯಬಹುದು. ಅಪ್‌ಡೇಟ್ ಆದ ಮರುದಿನವೇ ಮಿಣುಕು ಶುರುವಾಗಿದ್ದರೆ ಹಳೆಯ ಡ್ರೈವರಿಗೆ ಮರಳುವುದು ಲೇಸು.

ಕೊನೆಯ ಪರೀಕ್ಷೆಗೆ ಟಿವಿ ಬೇಕು, ಆದ್ದರಿಂದ ಅದು ರಾತ್ರಿ ಧಾರಾವಾಹಿಗಳು ಮುಗಿದ ಮೇಲೆಯೇ ನಡೆಯತಕ್ಕದ್ದು. ಎಚ್‌ಡಿಎಂಐ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದಾಗ ಅಲ್ಲೂ ಮಿಣುಕಿದರೆ ಗ್ರಾಫಿಕ್ಸ್ ಚಿಪ್ಪು ಅಥವಾ ಡ್ರೈವರ್. ಟಿವಿ ಶಾಂತವಾಗಿದ್ದರೆ ಕೇಬಲ್ ಅಥವಾ ಪ್ಯಾನೆಲ್. ಕೇಬಲ್ ಸಡಿಲಿದ್ದರೆ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಮುಚ್ಚಳದ ಚೌಕಟ್ಟು ಬಿಚ್ಚಿ, ಕನೆಕ್ಟರನ್ನು ಮತ್ತೆ ಒತ್ತಿ ಕೂರಿಸುತ್ತಾರೆ. ಸವೆದಿದ್ದರೆ ಬದಲಿಸುತ್ತಾರೆ. ಪ್ಯಾನೆಲ್ಲೇ ಕೆಟ್ಟಿದ್ದರೆ ಅದರ ಬೆನ್ನಿನ ಚೀಟಿಯಲ್ಲಿರುವ ನಂಬರನ್ನು ನೋಡಿ ಹೊಸದನ್ನು ತರಿಸಬೇಕು. ಲ್ಯಾಪ್‌ಟಾಪಿನ ಮೇಲಿನ ಹೆಸರು ನೋಡಿ ತರಿಸಿದ ಪ್ಯಾನೆಲ್ ಹೊಂದದೇ ಹೋಗಬಹುದು. ಈ ಖರ್ಚು ಬೇಡವೆನ್ನುವವರು ಲ್ಯಾಪ್‌ಟಾಪನ್ನು ಟಿವಿಗೇ ಕಾಯಂ ಜೋಡಿಸಿಕೊಳ್ಳಬಹುದು. ಆಗ ಅದು ಸಂಜೆ ಏಳರಿಂದ ಹತ್ತರವರೆಗೆ ಲಭ್ಯವಿರುವುದಿಲ್ಲ.